ತಿರಸ್ಕರಿಸಿದ ಕ್ಲೇಮಿಗೆ ಜಿಲ್ಲೆಯಲ್ಲೇ ಉತ್ತರ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವರ್ಷದ ಆಷಾಢದಲ್ಲಿ ಒಂದು ರಾತ್ರಿ, ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ತಡೆಯಲಾಗದಷ್ಟು ಹೊಟ್ಟೆನೋವು ಬಂದು, ಅವರ ಮಗ ಊರಿನವರೊಬ್ಬರ ಕಾರು ಮಾಡಿಕೊಂಡು ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದ. ಪಿತ್ತಕೋಶದಲ್ಲಿ ಕಲ್ಲಾಗಿ ಸೋಂಕು ತಗುಲಿತ್ತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯರು ಕೇಸ್ ಶೀಟ್ ಬರೆಯುತ್ತಾ, ಬಿಪಿ ಇದೆಯೇ, ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ಅಮ್ಮನ ನರಳಾಟ ಕೇಳುತ್ತಾ ಗಾಬರಿಯಲ್ಲಿ ನಿಂತಿದ್ದ ಹುಡುಗ, ‘ಇದೆ ಸಾರ್, ಒಂದೈದಾರು ವರ್ಷದಿಂದ ಇರಬೇಕು’ ಎಂದ. ವೈದ್ಯರು ‘ಆರು ವರ್ಷ’ ಎಂದು ಬರೆದುಕೊಂಡರು. ಹೀಗೆ ಬರೆದ ಆ ಒಂದು ಅಂಕಿ ನಮ್ಮ ಕುಟುಂಬಕ್ಕೆ 1,38,000 ರೂಪಾಯಿಯ ಬೆಲೆಯದ್ದಾಯಿತು.

ಅಕ್ಕನ ಹೆಸರಿನಲ್ಲಿ ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪದೆ ಪ್ರೀಮಿಯಂ ಕಟ್ಟಿದ್ದ ಆರೋಗ್ಯ ವಿಮೆ ಇತ್ತು. ಆದರೂ ‘ದಾಖಲೆಗಳನ್ನು ಪರಿಶೀಲಿಸಬೇಕಾಗಿದೆ, ಸದ್ಯ ನೀವೇ ಹಣ ಕಟ್ಟಿ, ಆಮೇಲೆ ಕ್ಲೇಮ್ ಮಾಡಿ’ ಎಂಬ ಉತ್ತರ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿಗೆ ಬಂತು. ಅಕ್ಕನ ಎರಡೆಳೆ ಸರ ಅಡವಿಗೆ ಹೋಯಿತು. ಸಾಲದೆ ಬಂದದ್ದಕ್ಕೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲವಾಯಿತು. ಒಂದೂವರೆ ತಿಂಗಳ ನಂತರ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಪಾಲಿಸಿ ಪಡೆಯುವ ಮೊದಲೇ ಇದ್ದ ರಕ್ತದೊತ್ತಡವನ್ನು ಮುಚ್ಚಿಟ್ಟಿದ್ದರಿಂದ ಕ್ಲೇಮನ್ನು ತಿರಸ್ಕರಿಸಲಾಗಿದೆ, ಪಾಲಿಸಿಯನ್ನೂ ರದ್ದುಪಡಿಸಲಾಗಿದೆ ಎಂಬುದು ಅದರ ಸಾರ. ಪಿತ್ತಕೋಶದ ಕಲ್ಲಿಗೂ ರಕ್ತದೊತ್ತಡಕ್ಕೂ ಏನು ಸಂಬಂಧ ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ತೀರ್ಮಾನ ಮಾಡಿದವರು ಯಾರು ಎಂಬುದೂ ಇರಲಿಲ್ಲ. ಪತ್ರವನ್ನು ನನ್ನ ಕೈಗಿತ್ತ ಸೋದರಳಿಯ, ‘ಬಿಡಿ ಮಾವ, ಅವರ ಹತ್ತಿರ ನಾವು ಹೊಡೆದಾಡೋಕಾಗುತ್ತಾ’ ಎಂದ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿದ ನನಗೆ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಅಭ್ಯಾಸ. ಅಕ್ಕ ತಮ್ಮ ಟ್ರಂಕಿನಲ್ಲಿ ಪಹಣಿ ಮತ್ತು ಡೇರಿಯ ಪಾಸ್‌ಪುಸ್ತಕದ ಜೊತೆ ಆಸ್ಪತ್ರೆಯ ಚೀಟಿಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದರು. ಅದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಹೊರರೋಗಿ ಚೀಟಿ ಸಿಕ್ಕಿತು. ಅಂಚು ಹರಿದಿದ್ದರೂ ಮೊಹರು ಮತ್ತು ತಾರೀಖು ಸ್ಪಷ್ಟವಾಗಿದ್ದವು. ರಕ್ತದೊತ್ತಡ 150/96, ಮೊದಲ ಬಾರಿ ಪತ್ತೆ, ಉಪ್ಪು ಕಡಿಮೆ ಮಾಡಲು ಸೂಚನೆ, ಒಂದು ಮಾತ್ರೆ, ಅಲ್ಲಿದ್ದುದು ಇಷ್ಟೇ. ಆ ತಾರೀಖು ಪಾಲಿಸಿ ಶುರುವಾಗಿ ಹನ್ನೊಂದು ತಿಂಗಳ ನಂತರದ್ದು. ಅಂದರೆ ಪಾಲಿಸಿ ಮಾಡಿಸುವಾಗ ಅಕ್ಕನಿಗೆ ಬಿಪಿ ಇರುವುದು ಅಕ್ಕನಿಗೇ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಮುಚ್ಚಿಡುವುದು ಹೇಗೆ? ಆ ಚೀಟಿಯ ಜೆರಾಕ್ಸ್ ಪ್ರತಿಯನ್ನೂ, ‘ಐದಾರು ವರ್ಷ’ ಎಂಬುದು ರೋಗಿಯ ಮಗ ಅಂದಾಜಿನಲ್ಲಿ ಹೇಳಿದ ಮಾತೆಂದು ಚಿಕಿತ್ಸೆ ನೀಡಿದ ವೈದ್ಯರು ಕೊಟ್ಟ ಪ್ರಮಾಣಪತ್ರವನ್ನೂ ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆದೆವು. ಒಂದು ತಿಂಗಳು ಕಾದರೂ ಉತ್ತರವಿಲ್ಲ. ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಟ್ಟೆವು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಸಂಕ್ರಾಂತಿ ಕಳೆದ ಮೇಲೆ ನನ್ನ ಮನೆಯ ಹಜಾರದಲ್ಲಿ ಮೊಬೈಲನ್ನು ಪುಸ್ತಕದ ಅಡ್ಡಕ್ಕೆ ನಿಲ್ಲಿಸಿ ವಿಡಿಯೊ ವಿಚಾರಣೆಗೆ ಕುಳಿತೆವು. ಅಕ್ಕ ಕನ್ನಡದಲ್ಲಿಯೇ, ಯಾವುದನ್ನೂ ಬೆಳೆಸದೆ ನಡೆದದ್ದನ್ನು ಹೇಳಿದರು. ತೀರ್ಪು ಅಕ್ಕನ ಪರವಾಗಿ ಬಂತು, ಹಣವೂ ಬಂತು, ಸರ ಬಿಡಿಸಿಕೊಂಡೆವು. ಆ ತಿಂಗಳುಗಳ ಬಡ್ಡಿ ಮಾತ್ರ ಹೋದದ್ದು ಹೋಯಿತು.

ಅಕ್ಕನಿಗೆ ಓದು ಬರಹ ತಿಳಿದ ತಮ್ಮನೊಬ್ಬನಿದ್ದ, ಚೀಟಿ ಜೋಪಾನ ಮಾಡುವ ಅಭ್ಯಾಸವಿತ್ತು. ಇವೆರಡೂ ಇಲ್ಲದ ಮನೆಗಳಲ್ಲಿ ಇಂತಹ ಪತ್ರ ಬಂದಾಗ ಏನಾಗುತ್ತದೆ ಎಂಬ ಚಿಂತೆಯಿಂದಲೇ ಮಂಡ್ಯದಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರತೊಡಗಿದೆವು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ನರ್ಸಿಂಗ್ ಕೆಲಸದಲ್ಲಿದ್ದವರು, ಒಬ್ಬರು ಕಿರಿಯ ವಕೀಲೆ, ಉಳಿದವರು ನನ್ನಂಥವರು. ಪ್ರತಿ ಭಾನುವಾರ ಬೆಳಿಗ್ಗೆ ಸಿಲ್ವರ್ ಜ್ಯೂಬಿಲಿ ಪಾರ್ಕಿನ ಬಳಿ ಕುಳಿತು, ಜನ ತರುವ ತಿರಸ್ಕಾರದ ಪತ್ರಗಳನ್ನು ಓದಿ, ಅದರಲ್ಲಿ ಏನಿದೆ ಎಂಬುದನ್ನು ಕನ್ನಡದಲ್ಲಿ ಹೇಳಿ, ಉತ್ತರ ಬರೆಯಲು ನೆರವಾಗುತ್ತೇವೆ. ಯಾರಿಂದಲೂ ಹಣ ಪಡೆಯುವುದಿಲ್ಲ, ಯಾವ ಕಂಪನಿಯ ಪಾಲಿಸಿಯನ್ನೂ ಮಾರುವುದಿಲ್ಲ. ಈ ಪತ್ರಗಳನ್ನು ಓದಿ ಓದಿ ನಮಗೆ ಮನವರಿಕೆಯಾದ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಓದುಗರ ಮುಂದೆಯೂ ಜಿಲ್ಲಾಡಳಿತದ ಮುಂದೆಯೂ ಇಡುವುದು ಈ ಪತ್ರದ ಉದ್ದೇಶ.

ಹೆಚ್ಚಿನ ತಕರಾರುಗಳ ಬೇರು ಪಾಲಿಸಿ ಮಾಡಿಸುವಾಗ ತುಂಬುವ ಅರ್ಜಿಯಲ್ಲಿ, ಅಂದರೆ ಪ್ರಪೋಸಲ್ ಫಾರಂನಲ್ಲಿದೆ. ಏಜೆಂಟರು ಮನೆಗೆ ಬಂದು, ಜಗಲಿಯ ಮೇಲೆ ಕುಳಿತು, ಕಾಫಿ ಕುಡಿಯುತ್ತಾ ತಾವೇ ಫಾರಂ ತುಂಬುತ್ತಾರೆ. ಆರೋಗ್ಯದ ಪ್ರಶ್ನೆಗಳ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿಸಿಕೊಳ್ಳುತ್ತಾರೆ. ಈಗಂತೂ ಸಹಿಯ ಬದಲು ಮೊಬೈಲಿಗೆ ಬಂದ ಓಟಿಪಿ ಹೇಳಿದರೆ ಮುಗಿಯಿತು. ಶುಗರ್ ಇದೆ ಎಂದು ಬಾಯಲ್ಲಿ ಹೇಳಿದ್ದೆವು, ‘ಅದೆಲ್ಲ ಬರೆದರೆ ಪಾಲಿಸಿ ಆಗೋದಿಲ್ಲ’ ಅಂದರು ಎಂದು ಕಣ್ಣೀರು ಹಾಕಿದವರನ್ನು ನಾನೇ ಕಂಡಿದ್ದೇನೆ. ಕಾನೂನಿನ ಕಣ್ಣಿನಲ್ಲಿ ಮಾತ್ರ ಫಾರಂ ನಾವು ತುಂಬಿದ್ದೇ ಆಗುತ್ತದೆ, ಏಕೆಂದರೆ ಸಹಿ ನಮ್ಮದು. ಆದ್ದರಿಂದ ಇರುವ ಕಾಯಿಲೆಯನ್ನು ಇದೆ ಎಂದೇ ಬರೆಸಬೇಕು, ತುಂಬಿದ ಫಾರಂನ ಪ್ರತಿಯನ್ನು ಕೇಳಿ ಪಡೆಯಬೇಕು. ಪಾಲಿಸಿ ಕೈಗೆ ಬಂದ ಮೇಲೆ 30 ದಿನಗಳ ಒಳಗೆ ಬೇಡವೆಂದು ಹಿಂದಿರುಗಿಸುವ ಅವಕಾಶವಿದೆ. ಆ 30 ದಿನಗಳಲ್ಲಿ ಪಾಲಿಸಿಯನ್ನು ಬಿಚ್ಚಿ ನೋಡಿದವರು ನಮ್ಮ ಬಳಿ ಬಂದವರಲ್ಲಿ ಒಬ್ಬರೂ ಇರಲಿಲ್ಲ.

ಕಾಯಿಲೆ ಇದೆ ಎಂದು ಬರೆದರೆ ಪಾಲಿಸಿಯೇ ಸಿಗದೆಂಬ ಭಯಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಮಾಧಾನ ಕೊಡುತ್ತದೆ. ಮಧುಮೇಹವಿರುವುದನ್ನು ಹೇಳಿಯೇ ವಿದೇಶ ಪ್ರವಾಸದ ಆರೋಗ್ಯ ವಿಮೆ ಪಡೆದು ಅಮೆರಿಕಕ್ಕೆ ಹೋದ ವ್ಯಕ್ತಿಯೊಬ್ಬರಿಗೆ ಅಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಬೇಕಾಯಿತು. ಕಂಪನಿ ಕ್ಲೇಮನ್ನು ನಿರಾಕರಿಸಿತ್ತು. 2021ರ ಡಿಸೆಂಬರ್ 6ರಂದು ಹೊರಬಂದ ಆ ತೀರ್ಪು, ಅರ್ಜಿದಾರರು ತಿಳಿಸಿದ ಆರೋಗ್ಯ ಸ್ಥಿತಿಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯ ನೆಪ ಹೇಳಿ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಅವರ ತಂದೆ, ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರು ನಮ್ಮ ಪಾಂಡವಪುರ ತಾಲ್ಲೂಕಿನವರು. ಈ ಮಣ್ಣಿನ ನಂಟಿರುವವರು ಕೊಟ್ಟ ತೀರ್ಪು ಈ ಮಣ್ಣಿನ ಜನರಿಗೇ ತಲುಪದಿದ್ದರೆ ಹೇಗೆ ಎಂದು ಭಾನುವಾರದ ಸಭೆಯಲ್ಲಿ ಅದನ್ನು ನಾವು ಓದಿ ಹೇಳುತ್ತಿರುತ್ತೇವೆ.

ಇನ್ನೊಂದು ಸಂಗತಿ ರೂಮ್ ಬಾಡಿಗೆಯದು. ಇದನ್ನು ಅರ್ಥ ಮಾಡಿಕೊಳ್ಳದೆ ಆಸ್ಪತ್ರೆಯಲ್ಲಿ ‘ಸ್ವಲ್ಪ ಒಳ್ಳೆಯ ರೂಮೇ ಕೊಡಿ’ ಎಂದು ಕೇಳಿ ನಷ್ಟ ಮಾಡಿಕೊಂಡವರು ಬಹಳ ಮಂದಿ. ಮೂರು ಲಕ್ಷ ರೂಪಾಯಿಯ ಪಾಲಿಸಿಯಲ್ಲಿ ದಿನದ ಬಾಡಿಗೆಗೆ ಶೇ 1ರ ಮಿತಿ ಇದ್ದರೆ ನಮಗೆ ಸಿಗುವುದು ದಿನಕ್ಕೆ 3,000 ರೂಪಾಯಿಯ ರೂಮು. 5,000 ರೂಪಾಯಿಯ ರೂಮಿನಲ್ಲಿ ನಾಲ್ಕು ದಿನ ಇದ್ದರೆ ಕೈಯಿಂದ ಹೋಗುವುದು 8,000 ಎಂದು ಯಾರೇ ಆದರೂ ಲೆಕ್ಕ ಹಾಕುತ್ತಾರೆ. ಕಂಪನಿಯ ಲೆಕ್ಕ ಬೇರೆ. ಐದರಲ್ಲಿ ಮೂರು ಪಾಲಿನಷ್ಟೇ ನಿಮ್ಮ ಅರ್ಹತೆ ಎಂದು ಹಿಡಿದು ಶಸ್ತ್ರಚಿಕಿತ್ಸಕರ ಶುಲ್ಕ, ಆಪರೇಷನ್ ಥಿಯೇಟರಿನ ಶುಲ್ಕ, ನರ್ಸಿಂಗ್ ಶುಲ್ಕ ಎಲ್ಲವನ್ನೂ ಶೇ 60ಕ್ಕೆ ಇಳಿಸುತ್ತಾರೆ. ಶಸ್ತ್ರಚಿಕಿತ್ಸಕರ ಶುಲ್ಕವೊಂದೇ 40,000 ಇದ್ದರೆ ಅದರಲ್ಲೇ 16,000 ಕಡಿತ. ಇಷ್ಟು ಷರತ್ತಿನಲ್ಲೇ ಇರುತ್ತದೆ, ಒಪ್ಪೋಣ. ಆದರೆ ಔಷಧ, ದೇಹದೊಳಗೆ ಕೂರಿಸುವ ಪ್ಲೇಟು ಸ್ಟೆಂಟುಗಳು, ರಕ್ತಪರೀಕ್ಷೆ ಸ್ಕ್ಯಾನಿಂಗ್‌ಗಳು ಮತ್ತು ಐಸಿಯು ವೆಚ್ಚಕ್ಕೆ ಈ ಕಡಿತ ಅನ್ವಯಿಸಬಾರದು, ರೂಮಿನ ದರ್ಜೆಗೆ ತಕ್ಕಂತೆ ಶುಲ್ಕ ಬದಲಿಸದ ಆಸ್ಪತ್ರೆಗಳಲ್ಲಿ ಈ ಕಡಿತವನ್ನೇ ಮಾಡಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಸೂಚಿಸಿದೆ. ನಮ್ಮ ಬೀದಿಯ ನಿವೃತ್ತ ಬಸ್ ಕಂಡಕ್ಟರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಕೂರಿಸಿದ ಪ್ಲೇಟಿನ ಬೆಲೆಯಲ್ಲೂ ಕಡಿತ ಮಾಡಿದ್ದರು. ಬಿಲ್ಲಿನ ಆ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, 2020ರ ಸೂಚನೆಯನ್ನು ಉಲ್ಲೇಖಿಸಿ ಒಂದು ಪುಟದ ಪತ್ರ ಬರೆದೆವು. ಮೂರು ವಾರದೊಳಗೆ ಆ ಹಣ ಖಾತೆಗೆ ಬಂತು. ಕೇಳದೇ ಇದ್ದಿದ್ದರೆ ಬರುತ್ತಿರಲಿಲ್ಲ.

ಕೇಳಲು ಬೇಕಾದ ನಿಯಮಗಳು ಈಗ ಹಿಂದಿಗಿಂತ ಗಟ್ಟಿಯಾಗಿವೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. 2024ರ ಮೇ 29ರಂದು ಪ್ರಾಧಿಕಾರ ಹೊರಡಿಸಿದ ಆರೋಗ್ಯ ವಿಮೆಯ ಮಾಸ್ಟರ್ ಸುತ್ತೋಲೆಯ ಪ್ರಕಾರ, ರೋಗಿಯ ಬದಲು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಸಮಯದ ಅಂತಿಮ ಮಂಜೂರಾತಿ ಮೂರು ಗಂಟೆಯೊಳಗೆ ಆಗಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು. ಯಾವುದೇ ಕ್ಲೇಮನ್ನು ಒಬ್ಬ ಗುಮಾಸ್ತರ ಮಟ್ಟದಲ್ಲಿ ತಿರಸ್ಕರಿಸುವಂತಿಲ್ಲ. ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪಬೇಕು, ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ತಿರಸ್ಕರಿಸಲಾಯಿತು ಎಂಬುದನ್ನು ಗ್ರಾಹಕರಿಗೆ ತಿಳಿಸಬೇಕು. ಐದು ವರ್ಷ, ಅಂದರೆ ಸತತ 60 ತಿಂಗಳು, ಪಾಲಿಸಿ ಚಾಲ್ತಿಯಲ್ಲಿದ್ದರೆ ಅದರ ನಂತರ ವಂಚನೆಯನ್ನು ಸಾಬೀತುಪಡಿಸಿದ ಹೊರತು ‘ಮಾಹಿತಿ ಕೊಡಲಿಲ್ಲ’ ಎಂಬ ಕಾರಣಕ್ಕೆ ತಕರಾರು ತೆಗೆಯುವಂತಿಲ್ಲ. ಮೊದಲು ಈ ಅವಧಿ ಎಂಟು ವರ್ಷವಿತ್ತು. ಮೊದಲೇ ಇದ್ದ ಕಾಯಿಲೆಯ ಚಿಕಿತ್ಸೆಗೆ ವಿಮೆಯ ಹಣ ಸಿಗಲು ಕಾಯಬೇಕಾದ ಗರಿಷ್ಠ ಅವಧಿಯೂ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. ಓಂಬುಡ್ಸ್‌ಮನ್ ತೀರ್ಪನ್ನು 30 ದಿನಗಳಲ್ಲಿ ಜಾರಿ ಮಾಡದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ಕೊಡಬೇಕು.

ನಿಯಮ ಪುಸ್ತಕದಲ್ಲಿರುವುದಕ್ಕೂ ಜನರ ನಾಲಿಗೆಯ ಮೇಲಿರುವುದಕ್ಕೂ ಎಷ್ಟು ಅಂತರವಿದೆ ಎಂಬುದು ಮಂಡ್ಯದವರಾದ ನಮಗೆ ಚೆನ್ನಾಗಿ ಗೊತ್ತಿರಬೇಕು. ಕಾರ್ಖಾನೆಗೆ ಕಬ್ಬು ಹಾಕಿದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ಮಾತು. ಆ 14 ದಿನದ ಮಾತನ್ನು ನಮ್ಮ ಜಿಲ್ಲೆಯ ಅಕ್ಷರ ಬಾರದ ರೈತರೂ ಬಾಯಿಪಾಠ ಹೇಳುತ್ತಾರೆ. ಬಾಕಿ ಉಳಿದಾಗಲೆಲ್ಲ ಟ್ರ್ಯಾಕ್ಟರುಗಳ ಸಮೇತ ರಸ್ತೆಗಿಳಿದು, ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕುಳಿತು, ಸಭೆಗಳಲ್ಲಿ ಎದ್ದು ನಿಂತು ಕೇಳಿ ಕೇಳಿ ಆ ನಿಯಮವನ್ನು ಅವರು ತಮ್ಮದಾಗಿಸಿಕೊಂಡರು. ಕಾವೇರಿ ನೀರಿನ ವಿಷಯದಲ್ಲಂತೂ ಸರ್ ಎಂ.ವಿ. ಪ್ರತಿಮೆಯ ಮುಂದೆ ಸೇರದ ಮಂಡ್ಯದವರಿಲ್ಲ. ವಿಮೆಯ ವಿಷಯದಲ್ಲಿ ಹಾಗೆ ಸೇರುವುದು ಕಷ್ಟ. ಕಬ್ಬಿನ ಬಾಕಿ ಊರಿಗೆಲ್ಲ ಒಟ್ಟಿಗೆ ಬರುವ ಕಷ್ಟ. ಕ್ಲೇಮ್ ತಿರಸ್ಕಾರ ಒಂದೊಂದು ಮನೆಗೆ, ಅದೂ ಆ ಮನೆಯವರು ಆಸ್ಪತ್ರೆಯ ದಣಿವಿನಿಂದ ಎದ್ದಿರದ ಹೊತ್ತಿನಲ್ಲಿ, ಒಬ್ಬೊಬ್ಬರಾಗಿದ್ದಾಗ ಬರುತ್ತದೆ. ಕೆಲವರಿಗೆ ಅದು ಅವಮಾನವೆನಿಸಿ ಪಕ್ಕದ ಮನೆಗೂ ಹೇಳುವುದಿಲ್ಲ. ‘ಸುಳ್ಳು ಹೇಳಿದ್ದೀರಿ’ ಎಂದು ಕಂಪನಿ ಬರೆದ ಪತ್ರವನ್ನು ಯಾರಿಗೆ ತೋರಿಸುವುದು ಎಂದು ಆರು ತಿಂಗಳು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳು ನಮ್ಮ ಬಳಿ ಬಂದಿದ್ದರು. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ದೂರು ಕೊಡಬೇಕು. ಅವರು ಇನ್ನೂ ಆರು ತಿಂಗಳು ಸುಮ್ಮನಿದ್ದಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು.

ಈ ಮಾತು ಹೇಳುವಾಗ ನನಗೆ ಯಶಸ್ವಿನಿ ನೆನಪಾಗುತ್ತದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಜಾರಿಗೆ ಬಂದ ಆ ಯೋಜನೆ 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಅದರಲ್ಲೂ ಕೊರತೆಗಳಿವೆ, ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ ಹಣವಿಲ್ಲ, ಆಸ್ಪತ್ರೆಗಳು ದರ ಸಾಲದೆಂದು ಗೊಣಗುತ್ತವೆ. ಆದರೂ ಯಶಸ್ವಿನಿ ಕಾರ್ಡಿನಲ್ಲಿ ತೊಂದರೆಯಾದರೆ ಯಾರನ್ನು ಕೇಳಬೇಕೆಂಬುದು ನಮ್ಮ ಹಳ್ಳಿಯ ಹೆಂಗಸರಿಗೆ ಗೊತ್ತಿತ್ತು. ಬೆಳಿಗ್ಗೆ ಡೇರಿಗೆ ಹಾಲು ಹಾಕುವಾಗ ಸಂಘದ ಕಾರ್ಯದರ್ಶಿಯನ್ನೇ ನಿಲ್ಲಿಸಿ ಕೇಳುತ್ತಿದ್ದರು. ಉತ್ತರ ಹೇಳಬೇಕಾದ ಮನುಷ್ಯ ಕಣ್ಣೆದುರಿಗಿದ್ದ, ನಾಳೆಯೂ ಅವರ ಮುಖ ನೋಡಬೇಕಾದವನಾಗಿದ್ದ. ಖಾಸಗಿ ವಿಮೆಯಲ್ಲಿ ಪಾಲಿಸಿ ಮಾರುವವರು ಮನೆ ಬಾಗಿಲಿಗೆ ಬರುತ್ತಾರೆ, ಕ್ಲೇಮಿನ ಹೊತ್ತಿಗೆ ಸಿಗುವುದು ಒಂದು ಟೋಲ್ ಫ್ರೀ ಸಂಖ್ಯೆ ಮತ್ತು ‘ನಿಮ್ಮ ಕರೆ ನಮಗೆ ಮುಖ್ಯ’ ಎಂಬ ಧ್ವನಿಮುದ್ರಿಕೆ. ಜಿಲ್ಲಾ ಕೇಂದ್ರದಲ್ಲಿರುವ ಶಾಖೆಗೆ ಹೋದರೆ ಕ್ಲೇಮ್ ವಿಭಾಗ ಇಲ್ಲಿಲ್ಲ ಎನ್ನುತ್ತಾರೆ.

ವಿಮಾ ಕಂಪನಿಗಳೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಪ್ರಾಧಿಕಾರದ ವಾರ್ಷಿಕ ವರದಿಯಂತೆ 2023–24ರಲ್ಲಿ ದೇಶದಲ್ಲಿ 2.69 ಕೋಟಿ ಆರೋಗ್ಯ ವಿಮಾ ಕ್ಲೇಮುಗಳಿಗೆ 83,493 ಕೋಟಿ ರೂಪಾಯಿ ಪಾವತಿಯಾಗಿದೆ. ನನ್ನ ಹೆಂಡತಿಯ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಒಂದು ಕಂಪನಿ ಅರ್ಧ ದಿನದಲ್ಲಿ ಮಂಜೂರಾತಿ ಕೊಟ್ಟದ್ದೂ ಉಂಟು. ವಿಮೆ ಇದೆ ಎಂದು ತಿಳಿದೊಡನೆ ಬಿಲ್ಲನ್ನು ಉಬ್ಬಿಸುವ ಆಸ್ಪತ್ರೆಗಳಿವೆ. ದಾಖಲಾಗುವ ಅಗತ್ಯವಿಲ್ಲದವರನ್ನು ದಾಖಲು ಮಾಡಿಸಿ ಕ್ಲೇಮ್ ಹಾಕಿಸುವವರಿದ್ದಾರೆ. ಅದರ ಹೊರೆ ಕೊನೆಗೆ ಪ್ರೀಮಿಯಂ ಹೆಚ್ಚಳವಾಗಿ ಬೀಳುವುದು ಪ್ರಾಮಾಣಿಕರ ಮೇಲೆಯೇ. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಕಾಣುವಂತೆ ಹಾಕಬೇಕು; ಆ ಫಲಕವನ್ನು ಹುಡುಕಿ ಓದುವ ಕೆಲಸವನ್ನೂ ನಾವು ಮಾಡಬೇಕು. ಆದರೆ ಅದೇ ವರ್ಷದ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳು ಆರೋಗ್ಯ ವಿಮೆಯಲ್ಲಿ ಗಳಿಸಿದ ಪ್ರತಿ 100 ರೂಪಾಯಿ ಪ್ರೀಮಿಯಂಗೆ ಕ್ಲೇಮಿನ ರೂಪದಲ್ಲಿ ಸುಮಾರು 103 ರೂಪಾಯಿ ವೆಚ್ಚ ಮಾಡಿದರೆ, ಆರೋಗ್ಯ ವಿಮೆಯನ್ನಷ್ಟೇ ಮಾರುವ ಖಾಸಗಿ ಕಂಪನಿಗಳು ವೆಚ್ಚ ಮಾಡಿದ್ದು ಸುಮಾರು 65 ರೂಪಾಯಿ. ಉಳಿದ 35 ರೂಪಾಯಿ ಕಮಿಷನ್, ಜಾಹೀರಾತು, ಆಡಳಿತ ಮತ್ತು ಲಾಭಕ್ಕೆ ಎಷ್ಟೆಷ್ಟು ಹೋಗುತ್ತದೆ ಎಂದು ಪ್ರೀಮಿಯಂ ಕಟ್ಟುವವರು ಕೇಳುವುದು ತಪ್ಪಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿಯನ್ನು ಸರ್ಕಾರ ತೆಗೆದುಹಾಕಿದ್ದರಿಂದ ಜನರಿಗೆ ಉಸಿರಾಡುವಷ್ಟು ಜಾಗ ಸಿಕ್ಕಿದೆ. ಮೂಲ ಪ್ರೀಮಿಯಂ ಏರಿಸಿ ಆ ಜಾಗವನ್ನು ಮತ್ತೆ ಮುಚ್ಚದಂತೆ ನೋಡಿಕೊಳ್ಳಬೇಕು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂಬ 2025ರ ಜನವರಿಯ ಆದೇಶವನ್ನು ನನ್ನ ವಯಸ್ಸಿನವರು ಗುರುತು ಹಾಕಿಟ್ಟುಕೊಳ್ಳುವುದು ಒಳಿತು.

ಈಗ ನಮ್ಮ ಬೇಡಿಕೆಗಳು. ಮೊದಲನೆಯದು ಭಾಷೆಯದು. ಕರ್ನಾಟಕದಲ್ಲಿ ಪಾಲಿಸಿ ಮಾರುವಾಗ ಕನ್ನಡದಲ್ಲಿ ಜಾಹೀರಾತು ಕೊಡುವ, ಕನ್ನಡದಲ್ಲಿ ಫೋನ್ ಮಾಡುವ ಕಂಪನಿಗಳು ಕ್ಲೇಮನ್ನು ತಿರಸ್ಕರಿಸುವಾಗಲೂ ಕನ್ನಡದಲ್ಲಿ ಕಾರಣ ಹೇಳಬೇಕು. ಪಾಲಿಸಿಯ ಮುಖ್ಯಾಂಶಗಳನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು 2024ರ ಜನವರಿಯಿಂದ ಕಡ್ಡಾಯ ಮಾಡಲಾಗಿದ್ದು, ಗ್ರಾಹಕರು ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಕೇಳಿದರೆ ಎಂಬ ಷರತ್ತೇ ಬೇಡ, ಕೇಳದಿದ್ದರೂ ಕೊಡಲಿ. ‘ಐದಾರು’ ಎಂದರೆ ನಮ್ಮ ಮಾತಿನಲ್ಲಿ ಅಂದಾಜು, ಅದು ಐದೂ ಅಲ್ಲ ಆರೂ ಅಲ್ಲ ಎಂಬುದು ಆ ಕ್ಲೇಮಿನ ಕಡತವನ್ನು ಎಲ್ಲೋ ದೂರದ ಊರಿನಲ್ಲಿ ಕುಳಿತು ನೋಡಿದವರಿಗೆ ತಿಳಿಯಲಿಲ್ಲ. ಕನ್ನಡ ಬಲ್ಲ ಒಬ್ಬರು ಆ ಹುಡುಗನಿಗೆ ಫೋನ್ ಮಾಡಿ ಎರಡು ನಿಮಿಷ ಮಾತನಾಡಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು.

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ಜಿಲ್ಲಾ ಮಟ್ಟದ ವ್ಯವಸ್ಥೆ. ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ವಿಮೆಯ ದೂರುಗಳಿಗಾಗಿ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ ಅವಕಾಶವಿದೆ. ರೈತನ ಕ್ಲೇಮ್ ಏಕೆ ಬರಲಿಲ್ಲ ಎಂದು ವಿಮಾ ಕಂಪನಿಯ ಪ್ರತಿನಿಧಿಯನ್ನು ಜಿಲ್ಲಾಧಿಕಾರಿಯವರು ಸಭೆಯಲ್ಲಿ ಎದುರು ಕೂರಿಸಿ ಕೇಳುವುದನ್ನು ತಮ್ಮ ಪತ್ರಿಕೆಯಲ್ಲೇ ಓದುತ್ತೇವೆ. ಬೆಳೆಗೆ ಇರುವ ಈ ಅನುಕೂಲ ಮನುಷ್ಯನ ದೇಹಕ್ಕೆ ಏಕಿಲ್ಲ? ವಿಮೆ ಕೇಂದ್ರದ ವಿಷಯ, ಪ್ರಾಧಿಕಾರ ಹೈದರಾಬಾದಿನಲ್ಲಿದೆ, ಕಂಪನಿಗೆ ಆದೇಶ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಿಲ್ಲ ಎಂಬುದು ನಿಜ. ಆದರೆ ಆದೇಶ ಕೊಡಬೇಕಾಗಿಯೇ ಇಲ್ಲ. ತಿಂಗಳಿಗೊಮ್ಮೆ ಮಂಡ್ಯದಲ್ಲೂ ಮೈಸೂರಿನಲ್ಲೂ ಜಿಲ್ಲಾ ಆರೋಗ್ಯಾಧಿಕಾರಿ, ಕಂಪನಿಗಳ ಪ್ರತಿನಿಧಿಗಳು, ಆಸ್ಪತ್ರೆಗಳವರು ಮತ್ತು ದೂರುದಾರರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಬಾಕಿ ಇರುವ ಕ್ಲೇಮುಗಳ ಪಟ್ಟಿಯನ್ನು ಓದಿಸಿದರೆ ಸಾಕು. ಕಂಡಕ್ಟರ್ ಅವರ ಪ್ಲೇಟಿನ ಕಡಿತದಂಥ ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ.

ಜೊತೆಗೆ ಓಂಬುಡ್ಸ್‌ಮನ್ ಅವರು ವರ್ಷದಲ್ಲಿ ಕೆಲವು ಬಾರಿಯಾದರೂ ಮೈಸೂರಿಗೆ ಬಂದು ವಿಚಾರಣೆ ನಡೆಸಬೇಕೆಂದು ಕೋರುತ್ತೇವೆ. ವಿಡಿಯೊ ವಿಚಾರಣೆಯಿಂದ ಬಸ್ಸಿನ ಖರ್ಚು ಉಳಿಯುತ್ತದೆ ಎಂಬುದು ಸರಿಯೇ. ಆದರೆ ಸ್ಮಾರ್ಟ್‌ಫೋನ್ ಬಳಸಲು ಬಾರದ, ಕಿವಿ ಮಂದವಾದ ವೃದ್ಧರಿಗೆ ಅದು ಕಷ್ಟ. ನಮ್ಮ ಅಕ್ಕನ ವಿಚಾರಣೆಯ ನಡುವೆಯೇ ಎರಡು ಬಾರಿ ನೆಟ್‌ವರ್ಕ್ ಹೋಗಿ, ಎಲ್ಲಿ ನಮ್ಮ ಸರದಿ ಮುಗಿದೇ ಹೋಯಿತೋ ಎಂದು ಅವರ ಕೈ ನಡುಗಿದ್ದನ್ನು ನಾನು ನೋಡಿದ್ದೇನೆ. ಇನ್ನೊಂದು ದಾರಿಯೂ ಇದೆ, ಅದು ಬಹಳ ಜನರಿಗೆ ತಿಳಿದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ವಿಮಾ ಸೇವೆ ಮತ್ತು ಆಸ್ಪತ್ರೆ ಸೇವೆ ಎರಡೂ ಸಾರ್ವಜನಿಕ ಉಪಯುಕ್ತ ಸೇವೆಗಳು. ಇವುಗಳ ವ್ಯಾಜ್ಯವನ್ನು ಖಾಯಂ ಜನತಾ ನ್ಯಾಯಾಲಯಕ್ಕೆ ಒಯ್ಯಬಹುದು, ರಾಜಿ ಆಗದಿದ್ದರೆ ಅದು ತೀರ್ಪನ್ನೂ ಕೊಡಬಹುದು. ಅಂತಹ ನ್ಯಾಯಾಲಯ ಮೈಸೂರಿನಲ್ಲೇ ಇದೆ. ಗ್ರಾಹಕರ ಆಯೋಗವಂತೂ ಎರಡೂ ಜಿಲ್ಲೆಗಳಲ್ಲಿದ್ದು, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮೈಸೂರಿನಲ್ಲಿ ಗ್ರಾಹಕರ ಪರಿಷತ್ತಿನಂತಹ ಸಂಘಟನೆ ದಶಕಗಳಿಂದ ನಾಗರಿಕರ ಪರ ನಿಂತ ಪರಂಪರೆಯಿದೆ. ಮಂಡ್ಯ, ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆಗಳಲ್ಲಿ ಅಂತಹ ಕೂಟಗಳು ಇನ್ನೂ ಕಟ್ಟಬೇಕಾಗಿವೆ. ಪ್ರತಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನ ಮುಂದೆ ವಿಮಾ ಪ್ರಾಧಿಕಾರದ ದೂರು ವ್ಯವಸ್ಥೆಯಾದ ಬಿಮಾ ಭರೋಸಾದ 155255 ಸಂಖ್ಯೆಯನ್ನೂ ಓಂಬುಡ್ಸ್‌ಮನ್ ವಿಳಾಸವನ್ನೂ ಕನ್ನಡದಲ್ಲಿ ಬರೆಸಿ ಹಾಕಲು ಜಿಲ್ಲಾಡಳಿತಕ್ಕೆ ಒಂದು ಸುತ್ತೋಲೆಯಷ್ಟೇ ಸಾಕು; ಇದಕ್ಕೆ ಹಣವೂ ಬೇಡ, ಹೊಸ ಕಾನೂನೂ ಬೇಡ.

ಯಾವ ಜಿಲ್ಲೆಯಲ್ಲಿ ಯಾವ ಕಂಪನಿ ಎಷ್ಟು ಕ್ಲೇಮುಗಳನ್ನು ಯಾವ ಕಾರಣಕ್ಕೆ ತಿರಸ್ಕರಿಸಿತು ಎಂಬ ಪಟ್ಟಿಯನ್ನು ಪ್ರಾಧಿಕಾರ ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂಬುದು ನಮ್ಮ ಕೊನೆಯ ಕೋರಿಕೆ. ಇಡೀ ದೇಶದ ಸರಾಸರಿಯನ್ನು ನೋಡಿ ಮಂಡ್ಯದವರು ಪಾಲಿಸಿ ಆರಿಸಿಕೊಳ್ಳಲು ಆಗುವುದಿಲ್ಲ. ಈ ವಿಷಯವನ್ನು ನಮ್ಮ ಎರಡೂ ಜಿಲ್ಲೆಗಳ ಸಂಸದರು ಲೋಕಸಭೆಯಲ್ಲಿ ಒಂದು ಪ್ರಶ್ನೆಯಾಗಿ ಕೇಳಿದರೂ ಉಪಕಾರವಾದೀತು.

ಈ ಬೇಡಿಕೆಗಳ ಮನವಿಯನ್ನು ನಾವು ಸಹಿಗಳ ಸಮೇತ ಮಂಡ್ಯದ ಜಿಲ್ಲಾಧಿಕಾರಿ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆದಿದ್ದೇವೆ. ಸಹಿ ಹಾಕಿದವರಲ್ಲಿ ನನ್ನ ಸೋದರಳಿಯನೂ ಇದ್ದಾನೆ. ಈಗ ಅವನೇ ಭಾನುವಾರಗಳಲ್ಲಿ ಬೈಕಿನಲ್ಲಿ ಬಂದು, ಬಂದವರ ಕೇಸ್ ಶೀಟಿನಲ್ಲಿ ‘ಎಷ್ಟು ವರ್ಷದಿಂದ’ ಎಂಬ ಸಾಲನ್ನು ಮೊದಲು ಹುಡುಕಿ ಕೊಡುತ್ತಾನೆ. ತಿರಸ್ಕಾರದ ಪತ್ರ ಮನೆಯಲ್ಲಿಟ್ಟುಕೊಂಡಿರುವ ಓದುಗರು ಯಾರಾದರೂ ಇದ್ದರೆ ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಪಾರ್ಕಿನ ಬಳಿ ಬರಬಹುದು. ಮೂಲ ಪ್ರತಿಗಳನ್ನು ಮನೆಯಲ್ಲೇ ಬಿಟ್ಟು, ಪಾಲಿಸಿ, ಡಿಸ್ಚಾರ್ಜ್ ಸಮ್ಮರಿ ಮತ್ತು ಕಂಪನಿಯ ಪತ್ರ ಈ ಮೂರರ ಜೆರಾಕ್ಸ್ ತಂದರೆ ಸಾಕು. ಹಳೆಯ ಆಸ್ಪತ್ರೆ ಚೀಟಿಗಳು ಎಷ್ಟೇ ಹರಿದಿದ್ದರೂ ಅವನ್ನು ಎಸೆಯದೆ ತರಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಂಡ್ಯ